ಅಮೆರಿಕದ ಚುನಾವಣೆ, ಇಂಟರ್ನೆಟ್ ಮತ್ತು ದೇಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಚುನಾವಣೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆಗಳು ಬರುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರು ಕೇಳುತ್ತಾರೆ. ದೂರದಿಂದ ಸುದ್ದಿ ನೋಡುವವರೂ ಕೇಳುತ್ತಾರೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಆಯ್ದು, ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ. ಯಾವ ಉತ್ತರವನ್ನು ಬೇಕಾದರೂ ಮೊದಲು ಓದಬಹುದು.

## ಶುರುವಾಗಿದ್ದು ಹೇಗೆ

ಇಂಟರ್ನೆಟ್‌ನಿಂದ ಪ್ರಚಾರದಲ್ಲಿ ನಿಜವಾಗಿ ಬದಲಾಗಿದ್ದು ಏನು? ಒಂದೇ ಮಾತಲ್ಲಿ ಹೇಳಿ.

ಹಣ ಕೇಳುವ ಖರ್ಚು ಇಳಿಯಿತು.

ಹಿಂದೆ ಹತ್ತು ಡಾಲರ್ ಕೊಡುವವರನ್ನು ಹುಡುಕಲು ಅಂಚೆ ಕಾಗದ ಕಳಿಸಬೇಕಿತ್ತು. ಕಾಗದ, ಮುದ್ರಣ, ಅಂಚೆ ಚೀಟಿ, ಬಾಡಿಗೆಗೆ ತಂದ ವಿಳಾಸ ಪಟ್ಟಿ, ಎಲ್ಲದಕ್ಕೂ ದುಡ್ಡು. ಸಾವಿರ ಕಾಗದ ಹಾಕಿದರೆ ಉತ್ತರ ಬರುವುದು ಕೆಲವೇ ಜನರಿಂದ. ಚೆಕ್ ಕೈಗೆ ಸಿಗಲು ವಾರಗಳು ಬೇಕು. ಹಾಗಾಗಿ ಅಭ್ಯರ್ಥಿಗಳು ದೊಡ್ಡ ಮೊತ್ತ ಕೊಡುವವರ ಮನೆಯ ಔತಣಗಳಲ್ಲೇ ಸಂಜೆ ಕಳೆಯುತ್ತಿದ್ದರು. ಇಮೇಲ್ ಬಂದಮೇಲೆ ಹತ್ತು ಲಕ್ಷ ಜನರನ್ನು ಕೇಳುವುದಕ್ಕೂ ಹತ್ತು ಜನರನ್ನು ಕೇಳುವುದಕ್ಕೂ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಹಣ ಅದೇ ರಾತ್ರಿ ಬರತೊಡಗಿತು. ಈ ಪುಟದಲ್ಲಿರುವ ಒಳ್ಳೆಯದು, ಕೆಟ್ಟದ್ದು ಬಹುಪಾಲು ಹುಟ್ಟಿದ್ದು ಇದೊಂದರಿಂದಲೇ.

ಇದೆಲ್ಲ ಒಬಾಮಾ ಕಾಲದಲ್ಲಿ ಶುರುವಾಗಿದ್ದಲ್ವಾ?

ಅಲ್ಲ, ಅದಕ್ಕೂ ಹತ್ತು ವರ್ಷ ಮೊದಲೇ. 1996ರ ಅಕ್ಟೋಬರ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಬಾಬ್ ಡೋಲ್ ಅವರು ಅಧ್ಯಕ್ಷ ಕ್ಲಿಂಟನ್ ಜೊತೆಗಿನ ಟಿವಿ ಚರ್ಚೆಯ ಕೊನೆಯಲ್ಲಿ ತಮ್ಮ ವೆಬ್‌ಸೈಟ್ ವಿಳಾಸ ಓದಿ ಹೇಳಿದರು. 1998ರಲ್ಲಿ ಮಿನೆಸೋಟದಲ್ಲಿ ಹಳೇ ಕುಸ್ತಿಪಟು ಜೆಸ್ಸಿ ವೆಂಚುರಾ ಮೂರನೇ ಪಕ್ಷದಿಂದ ನಿಂತು ಗವರ್ನರ್ ಆದರು. ಅವರ ಪ್ರಚಾರ ತಂಡ ಇಮೇಲ್ ಪಟ್ಟಿಯಿಂದ ಸ್ವಯಂಸೇವಕರನ್ನು ಸೇರಿಸಿತ್ತು. ಅದೇ ವರ್ಷ ಕ್ಲಿಂಟನ್ ಮಹಾಭಿಯೋಗದ ವಿಚಾರದಲ್ಲಿ ದಂಪತಿಯೊಬ್ಬರು ಬರೆದ ಆನ್‌ಲೈನ್ ಮನವಿ 'ಮೂವ್‌ಆನ್' ಎಂಬ ಸಂಘಟನೆಯಾಗಿ ಬೆಳೆಯಿತು.

ಜನ ಮರೆತಿರುವ ಒಂದು ಹೆಜ್ಜೆ 1999ರದು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಹಂತದಲ್ಲಿ ಒಬ್ಬರು ಕೊಟ್ಟ ಮೊದಲ 250 ಡಾಲರ್‌ವರೆಗೆ ಸರ್ಕಾರವೂ ಅಷ್ಟೇ ಹಣ ಸೇರಿಸುವ ವ್ಯವಸ್ಥೆ ಇತ್ತು. ಇಂಟರ್ನೆಟ್‌ನಲ್ಲಿ ಕ್ರೆಡಿಟ್ ಕಾರ್ಡಿನಿಂದ ಕೊಟ್ಟ ಹಣಕ್ಕೂ ಇದು ಸಿಗಬೇಕೆಂದು ಡೆಮಾಕ್ರಟಿಕ್ ಸ್ಪರ್ಧಿ ಬಿಲ್ ಬ್ರಾಡ್ಲಿ ಅವರ ತಂಡ ಕೇಳಿತು. ಚುನಾವಣಾ ಹಣದ ನಿಯಮಗಳನ್ನು ನೋಡಿಕೊಳ್ಳುವ ಫೆಡರಲ್ ಎಲೆಕ್ಷನ್ ಕಮಿಷನ್, ಅಂದರೆ ಎಫ್‌ಇಸಿ, ಒಪ್ಪಿತು. ಮರುವರ್ಷ ಫೆಬ್ರವರಿಯಲ್ಲಿ ಜಾನ್ ಮೆಕೇನ್ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರಿಪಬ್ಲಿಕನ್ ಪ್ರೈಮರಿ ಗೆದ್ದರು. ಒಂದೆರಡು ದಿನಗಳಲ್ಲೇ ಆನ್‌ಲೈನ್‌ನಲ್ಲಿ 10 ಲಕ್ಷ ಡಾಲರ್‌ಗೂ ಹೆಚ್ಚು ಬಂತು. ಗೆದ್ದ ಸುದ್ದಿ ಬಿಸಿಯಾಗಿರುವಾಗಲೇ ಹಣ ಬರಬಹುದು ಎಂಬುದು ಎಲ್ಲರ ಕಣ್ಣಿಗೂ ಬಿದ್ದಿದ್ದು ಆಗ.

ಹೋವರ್ಡ್ ಡೀನ್ ಸೋತರಲ್ಲ, ಆದ್ರೂ ಎಲ್ಲರೂ ಅವರ ಹೆಸರೇ ಯಾಕೆ ಹೇಳ್ತಾರೆ?

ಯಾಕೆಂದರೆ ಬೆಂಬಲಿಗರ ಕೈಗೇ ಪ್ರಚಾರವನ್ನು ಕೊಟ್ಟ ಮೊದಲ ದೊಡ್ಡ ಅಭ್ಯರ್ಥಿ ಅವರು. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಮಾಜಿ ಗವರ್ನರ್, 2004ರ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟವರು. 2003ರ ಆರಂಭದಲ್ಲಿ ಅವರ ಹತ್ತಿರ ಹಣವೂ ಇರಲಿಲ್ಲ, ಹೆಸರೂ ಇರಲಿಲ್ಲ. ಆದರೆ ಇರಾಕ್ ಯುದ್ಧವನ್ನು ಅವರು ನೇರವಾಗಿ ವಿರೋಧಿಸುತ್ತಿದ್ದರು. ಆ ಮಾತಿಗಾಗಿ ಕಾಯುತ್ತಿದ್ದ ಜನ 'ಮೀಟಪ್' ತಾಣದಲ್ಲಿ ತಾವಾಗಿಯೇ ಗುಂಪು ಕಟ್ಟಿಕೊಂಡಿದ್ದರು. ಪ್ರಚಾರದ ಮುಖ್ಯಸ್ಥ ಜೋ ಟ್ರಿಪ್ಪಿ ಅದನ್ನು ಕಂಡು ಅಡ್ಡ ಬರಲಿಲ್ಲ, ಅದರ ಹಿಂದೆಯೇ ಹೋದರು. ಬ್ಲಾಗ್ ಬಂತು, ಅದರಲ್ಲಿ ಯಾರು ಬೇಕಾದರೂ ಪ್ರತಿಕ್ರಿಯೆ ಬರೆಯಬಹುದಿತ್ತು. ಎಷ್ಟು ಹಣ ಬಂತು ಎಂದು ತೋರಿಸುವ ಬೇಸ್‌ಬಾಲ್ ಬ್ಯಾಟಿನ ಚಿತ್ರ ಬಂತು. ಹಣದ ಲೆಕ್ಕವನ್ನು ಮುಚ್ಚಿಡುವುದೇ ಅಭ್ಯಾಸವಾಗಿದ್ದ ಕಾಲದಲ್ಲಿ ಇವರು ಅದನ್ನು ಎಲ್ಲರ ಮುಂದೆ ತೆರೆದಿಟ್ಟರು.

ನನಗೆ ಇಷ್ಟವಾದ ಘಟನೆ 2003ರ ಜುಲೈನದು. ಉಪಾಧ್ಯಕ್ಷ ಡಿಕ್ ಚೇನಿ ಅವರು ತಲೆಗೆ 2,000 ಡಾಲರ್‌ನ ಊಟದ ಕೂಟ ಇಟ್ಟಿದ್ದರು. ಡೀನ್ ತಂಡ ಬೆಂಬಲಿಗರಿಗೆ ಸವಾಲು ಹಾಕಿತು: ಆ ಕೂಟದಲ್ಲಿ ಸೇರುವುದಕ್ಕಿಂತ ಹೆಚ್ಚು ಹಣವನ್ನು ನಾವು ಸೇರಿಸೋಣ. ಡೀನ್ ಕಂಪ್ಯೂಟರ್ ಮುಂದೆ ಕೂತು ಟರ್ಕಿ ಸ್ಯಾಂಡ್‌ವಿಚ್ ತಿಂದರು. ಸಣ್ಣ ಸಣ್ಣ ಮೊತ್ತಗಳೇ ಸೇರಿ ಚೇನಿ ಕೂಟವನ್ನು ಹಿಂದೆ ಹಾಕಿದವು. ಆ ವರ್ಷ ಅವರಿಗೆ ಸುಮಾರು 4 ಕೋಟಿ ಡಾಲರ್ ಬಂತು.

ಸೋಲಿನಿಂದ ಕಲಿಯುವುದೂ ಅಷ್ಟೇ ಇದೆ. 2004ರ ಜನವರಿಯಲ್ಲಿ, ಅಭ್ಯರ್ಥಿ ಆಯ್ಕೆಯ ಮೊದಲ ದೊಡ್ಡ ಸ್ಪರ್ಧೆ ನಡೆದ ಅಯೋವಾ ರಾಜ್ಯಕ್ಕೆ ದೇಶದ ಎಲ್ಲೆಡೆಯಿಂದ ಸಾವಿರಾರು ಸ್ವಯಂಸೇವಕರು ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಬಂದರು. ಅಯೋವಾದವರ ಮನೆ ಬಾಗಿಲಲ್ಲಿ ನಿಂತವರು ಅಯೋವಾದವರಲ್ಲ. ಡೀನ್ ಮೂರನೇ ಸ್ಥಾನಕ್ಕೆ ಇಳಿದರು. ಆನ್‌ಲೈನ್‌ನಲ್ಲಿರುವ ಉತ್ಸಾಹ ಆ ಊರಿನ ಮತದಾರನದೇ ಆಗಿರಬೇಕಿಲ್ಲ. ಇದನ್ನು ಇವತ್ತಿಗೂ ಎಷ್ಟೋ ಪ್ರಚಾರ ತಂಡಗಳು ಕಲಿತಿಲ್ಲ.

ಹಾಗಾದ್ರೆ 2008ರಲ್ಲಿ ಒಬಾಮಾ ಹೊಸದಾಗಿ ಮಾಡಿದ್ದೇನು?

ಡೀನ್ ಅವರ ಉತ್ಸಾಹಕ್ಕೆ ಶಿಸ್ತು ಸೇರಿಸಿದರು. ಡೀನ್ ತಂಡದಲ್ಲಿ ಕೆಲಸ ಮಾಡಿದ್ದವರು 2004ರಲ್ಲಿ ಕಟ್ಟಿದ 'ಬ್ಲೂ ಸ್ಟೇಟ್ ಡಿಜಿಟಲ್' ಕಂಪನಿಯೇ ಒಬಾಮಾ ತಾಣವನ್ನೂ ಕಟ್ಟಿತು. ಫೇಸ್‌ಬುಕ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಹ್ಯೂಸ್ ಆ ತಂಡಕ್ಕೆ ಬಂದರು. ಬೆಂಬಲಿಗರು ಆ ತಾಣದಲ್ಲಿ ತಮ್ಮ ಬೀದಿಯ ಸಭೆಯನ್ನು ತಾವೇ ಗೊತ್ತುಮಾಡಬಹುದಿತ್ತು, ಫೋನ್ ಮಾಡಬೇಕಾದವರ ಪಟ್ಟಿ ಪಡೆಯಬಹುದಿತ್ತು. ಮುಖ್ಯ ವಿಷಯ ಏನೆಂದರೆ, ಪರದೆ ಮೇಲಿನ ಉತ್ಸಾಹ ಬೀದಿಗೆ ಇಳಿಯುವಂತೆ ದಾರಿ ಮಾಡಿದ್ದರು. ಉಪಾಧ್ಯಕ್ಷ ಅಭ್ಯರ್ಥಿ ಯಾರೆಂದು ಎಸ್‌ಎಂಎಸ್ ಮೂಲಕ ತಿಳಿಸುತ್ತೇವೆ ಎಂದರು. ಅದನ್ನು ಪಡೆಯಲು ಜನ ತಮ್ಮ ಫೋನ್ ನಂಬರ್ ಕೊಟ್ಟರು. ಹಾಗೆ ಒಂದು ದೊಡ್ಡ ಪಟ್ಟಿಯೇ ಕೈಗೆ ಬಂತು.

ಹಣದಲ್ಲೂ ಒಂದು ಕಟ್ಟು ಮುರಿಯಿತು. ಸಾರ್ವತ್ರಿಕ ಹಂತಕ್ಕೆ ಸರ್ಕಾರ ಕೊಡುವ ಹಣ ತೆಗೆದುಕೊಂಡರೆ ಬೇರೆ ದೇಣಿಗೆ ಎತ್ತುವಂತಿಲ್ಲ. ಮೆಕೇನ್ ಆ 8.41 ಕೋಟಿ ಡಾಲರ್ ತೆಗೆದುಕೊಂಡರು. ಒಬಾಮಾ ಬೇಡವೆಂದರು. 2008ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಅವರಿಗೆ ಸುಮಾರು 15 ಕೋಟಿ ಡಾಲರ್ ದೇಣಿಗೆ ಬಂತು. ಸರ್ಕಾರದ ಹಣದ ಆ ವ್ಯವಸ್ಥೆ ಅಲ್ಲಿಂದಾಚೆಗೆ ಹೆಸರಿಗಷ್ಟೇ ಉಳಿಯಿತು. ಇದನ್ನು ಬರೀ ಗೆಲುವಿನ ಕತೆಯಾಗಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಖರ್ಚಿಗೆ ಇದ್ದ ಒಂದು ಮಿತಿಯೂ ಅದರ ಜೊತೆಗೇ ಹೋಯಿತು.

ಒಂದೇ ಒಂದು ವಿಡಿಯೊದಿಂದ ಯಾರಾದ್ರೂ ಸೋತಿದ್ದಾರಾ?

ಹತ್ತಿರದ ಉದಾಹರಣೆ 2006ರ ವರ್ಜೀನಿಯಾ. ರಿಪಬ್ಲಿಕನ್ ಸೆನೆಟರ್ ಜಾರ್ಜ್ ಅಲೆನ್ ಗೆಲ್ಲುವ ಕುದುರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಎದುರಾಳಿ ಜಿಮ್ ವೆಬ್ ಪರವಾಗಿ ಕ್ಯಾಮೆರಾ ಹಿಡಿದಿದ್ದ ಭಾರತೀಯ ಮೂಲದ ಯುವಕನನ್ನು ಅವರು ಸಭೆಯಲ್ಲಿ 'ಮಕಾಕಾ' (ಕೋತಿ ಎಂಬರ್ಥದ ಬೈಗುಳ) ಎಂದು ಕರೆದರು. 'ಅಮೆರಿಕಕ್ಕೆ ಸ್ವಾಗತ' ಎಂದೂ ಸೇರಿಸಿದರು. ಆ ಹುಡುಗ ವರ್ಜೀನಿಯಾದಲ್ಲೇ ಹುಟ್ಟಿದವನು. ವಿಡಿಯೊ ಯೂಟ್ಯೂಬ್‌ಗೆ ಹೋಯಿತು. ಅಲೆನ್ ಒಂದು ಶೇಕಡಾಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಡೆಮಾಕ್ರಾಟರಿಗೆ ಸೆನೆಟ್ ಬಹುಮತ ಸಿಕ್ಕಿದ್ದು ಒಂದೇ ಸ್ಥಾನದ ಅಂತರದಲ್ಲಿ. ಆಮೇಲೆ ಯಾವ ಅಭ್ಯರ್ಥಿಗೂ 'ಇದು ನಮ್ಮೊಳಗಿನ ಮಾತು' ಎಂದು ನಂಬುವ ಧೈರ್ಯ ಉಳಿಯಲಿಲ್ಲ.

## ಹಣ ಕೊಡುವವರ ಪ್ರಶ್ನೆಗಳು

ಆಕ್ಟ್‌ಬ್ಲೂ, ವಿನ್‌ರೆಡ್ ಅಂದ್ರೆ ಏನು? ಪಕ್ಷದವೇನಾ?

ದೇಣಿಗೆ ಸಾಗಿಸುವ ವ್ಯವಸ್ಥೆಗಳು. ಆಕ್ಟ್‌ಬ್ಲೂ 2004ರಲ್ಲಿ ಶುರುವಾಯಿತು, ಡೆಮಾಕ್ರಟಿಕ್ ಕಡೆಯದು. ವಿನ್‌ರೆಡ್ 2019ರದು, ರಿಪಬ್ಲಿಕನ್ ಕಡೆಯದು. ಅಧ್ಯಕ್ಷ ಅಭ್ಯರ್ಥಿಯಿಂದ ಹಿಡಿದು ಸಣ್ಣ ಸ್ಥಳೀಯ ಚುನಾವಣೆಗೆ ನಿಂತವರವರೆಗೆ ಒಂದೇ ವ್ಯವಸ್ಥೆ ಬಳಸುತ್ತಾರೆ. ಕಾರ್ಡಿನ ವಿವರ ಒಮ್ಮೆ ಕೊಟ್ಟಿಟ್ಟರೆ ಮುಂದಿನ ಸಲ ಒಂದು ಗುಂಡಿ ಒತ್ತಿದರೆ ಸಾಕು.

ಈ ಒಂದು ಗುಂಡಿಯ ಬಲ ದೊಡ್ಡದು. ಸುಪ್ರೀಂ ಕೋರ್ಟ್‌ನ ಉದಾರವಾದಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ 2020ರ ಸೆಪ್ಟೆಂಬರ್ 18ರಂದು ತೀರಿಕೊಂಡರು. ಮುಂದಿನ ಒಂದು ದಿನ ಚಿಲ್ಲರೆಯಲ್ಲಿ ಆಕ್ಟ್‌ಬ್ಲೂ ಮೂಲಕ 9 ಕೋಟಿ ಡಾಲರ್‌ಗೂ ಹೆಚ್ಚು ಹರಿಯಿತು. 2024ರ ಮೇ ಕೊನೆಯಲ್ಲಿ ಟ್ರಂಪ್ ಅವರನ್ನು ನ್ಯೂಯಾರ್ಕ್ ತೀರ್ಪುಗಾರರು ಅಪರಾಧಿ ಎಂದಾಗ 24 ಗಂಟೆಗಳಲ್ಲಿ 5.28 ಕೋಟಿ ಬಂತೆಂದು ಅವರ ತಂಡ ಹೇಳಿತು. ಜುಲೈನಲ್ಲಿ ಬೈಡನ್ ಹಿಂದೆ ಸರಿದಾಗ ಹ್ಯಾರಿಸ್ ತಂಡ ತನಗೆ ಮೊದಲ ದಿನವೇ 8.1 ಕೋಟಿ ಬಂತೆಂದು ಹೇಳಿತು.

ನಾನು ಎಚ್‌1ಬಿ ವೀಸಾದಲ್ಲಿದ್ದೇನೆ. ಐದು ಡಾಲರ್ ಕೊಟ್ಟರೂ ತಪ್ಪಾ?

ತಪ್ಪು. ಮೊತ್ತ ಎಷ್ಟು ಎಂಬುದು ಮುಖ್ಯವಲ್ಲ. ಅಮೆರಿಕದ ಪ್ರಜೆಯೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದವರು ಫೆಡರಲ್, ರಾಜ್ಯ, ಸ್ಥಳೀಯ, ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು. ಸ್ನೇಹಿತರ ಹೆಸರಲ್ಲಿ ಕೊಡಿಸಿ ಆಮೇಲೆ ಅವರಿಗೆ ಹಣ ವಾಪಸ್ ಮಾಡುವುದೂ ಅಪರಾಧವೇ, ಅದು ಪ್ರಜೆಗಳಿಗೂ ಅನ್ವಯಿಸುತ್ತದೆ. ಸಂಬಳ ಪಡೆಯದೆ ಸ್ವಯಂಸೇವಕರಾಗಿ ದುಡಿಯಲು ಅಡ್ಡಿಯಿಲ್ಲ. ಮನಸ್ಸಿದ್ದರೆ ಸಮಯ ಕೊಡಿ, ಕಾರ್ಡ್ ಬೇಡ.

ಕೊಡಬಲ್ಲವರಿಗೂ ಮಿತಿ ಇದೆ. 2025-26ರಲ್ಲಿ ಫೆಡರಲ್ ಅಭ್ಯರ್ಥಿಯೊಬ್ಬರಿಗೆ ಒಂದು ಚುನಾವಣೆಗೆ 3,500 ಡಾಲರ್. ಪ್ರೈಮರಿ ಬೇರೆ, ಸಾರ್ವತ್ರಿಕ ಚುನಾವಣೆ ಬೇರೆ ಎಂದು ಲೆಕ್ಕ.

ನಾನು ಕೊಟ್ಟಿದ್ದು ಆಫೀಸಿನವರಿಗೆ, ನೆಂಟರಿಗೆ ಗೊತ್ತಾಗುತ್ತಾ?

ಹುಡುಕಿದರೆ ಗೊತ್ತಾಗುತ್ತದೆ. ಅಭ್ಯರ್ಥಿಗೆ ನೇರವಾಗಿ ಕೊಟ್ಟರೆ ಒಟ್ಟು 200 ಡಾಲರ್ ದಾಟಿದಾಗ ನಿಮ್ಮ ಹೆಸರು, ಊರು, ಉದ್ಯೋಗ, ಕೆಲಸ ಮಾಡುವ ಕಡೆ ಎಫ್‌ಇಸಿ ದಾಖಲೆಗೆ ಸೇರಬೇಕು. ಆದರೆ ಆಕ್ಟ್‌ಬ್ಲೂ, ವಿನ್‌ರೆಡ್ ಮಧ್ಯವರ್ತಿ ಸಮಿತಿಗಳು. ಅವು ಸಾಗಿಸಿದ ಪ್ರತಿ ದೇಣಿಗೆಯನ್ನೂ ತೋರಿಸಬೇಕು. ಹಾಗಾಗಿ ಐದು ಡಾಲರ್ ಕೊಟ್ಟರೂ ಹೆಸರು ಬರುತ್ತದೆ. ಹಲವರಿಗೆ ಇದು ಗೊತ್ತಿಲ್ಲ. ಆ ಪಟ್ಟಿಯಿಂದ ಹೆಸರು ಎತ್ತಿಕೊಂಡು ವ್ಯಾಪಾರಕ್ಕೆ ಬಳಸುವುದನ್ನು ಕಾನೂನು ನಿಷೇಧಿಸಿದೆ. ಸುಮ್ನೆ ನೋಡುವುದಕ್ಕೆ ತಡೆ ಇಲ್ಲ.

ಒಂದು ಸಲ ಕೊಟ್ಟಿದ್ದಕ್ಕೆ ಈಗ ದಿನಾ ಮೆಸೇಜ್ ಬರ್ತಿದೆ. ಯಾರ್ಯಾರೋ ಕೇಳ್ತಾರೆ. ಇದನ್ನ ನಿಲ್ಲಿಸೋದು ಹೇಗೆ?

ನಿಮ್ಮ ನಂಬರ್ ಇರುವ ಪಟ್ಟಿ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಪ್ರಚಾರ ತಂಡಗಳು ಪಟ್ಟಿಗಳನ್ನು ಬಾಡಿಗೆಗೆ ಕೊಡುತ್ತವೆ, ಮಾರುತ್ತವೆ, ಬದಲಾಯಿಸಿಕೊಳ್ಳುತ್ತವೆ. ಕಾನೂನಿನ ರಕ್ಷಣೆಯೂ ತೆಳು. 2003ರ ಸ್ಪ್ಯಾಮ್ ಕಾಯ್ದೆ ವ್ಯಾಪಾರದ ಇಮೇಲ್‌ಗೆ ಮಾತ್ರ, ರಾಜಕೀಯಕ್ಕೆ ಅಲ್ಲ. 'ಡು ನಾಟ್ ಕಾಲ್' ಪಟ್ಟಿಯಿಂದಲೂ ರಾಜಕೀಯ ಕರೆಗಳಿಗೆ ವಿನಾಯಿತಿ ಇದೆ.

ಮಾಡಬಹುದಾದದ್ದು ಇಷ್ಟು. ಮೆಸೇಜ್‌ಗೆ 'ಸ್ಟಾಪ್' ಎಂದು ಇಂಗ್ಲಿಷ್‌ನಲ್ಲಿ ಉತ್ತರಿಸಿ. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಬೇಕು. ದೇಣಿಗೆಗೆಂದೇ ಬೇರೊಂದು ಇಮೇಲ್ ಇಟ್ಟುಕೊಳ್ಳಿ. ಫೋನ್ ನಂಬರ್ ಕಡ್ಡಾಯವಲ್ಲದ ಕಡೆ ಖಾಲಿ ಬಿಡಿ. 'ಈಗ ಕೊಟ್ಟರೆ ಐದು ಪಟ್ಟು ಸೇರುತ್ತದೆ' ಎಂಬ ಸಂದೇಶವನ್ನು ನಂಬಬೇಡಿ. ಪ್ರತಿಯೊಬ್ಬರಿಗೂ ಮಿತಿ ಇರುವಾಗ ಲಕ್ಷಾಂತರ ದೇಣಿಗೆಗಳಿಗೆ ಐದು ಪಟ್ಟು ಸೇರಿಸುವವರು ಯಾರು? ಪ್ರಾಮಾಣಿಕವಾಗಿ ಕೆಲಸ ಮಾಡುವ ಅಭ್ಯರ್ಥಿಯ ಸಂದೇಶವೂ ಇಂಥ ಸುಳ್ಳುಗಳ ರಾಶಿಯಲ್ಲಿ ಕಳೆದುಹೋಗುತ್ತದೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಒಂದೇ ಸಲ ಅಂತ ಕೊಟ್ಟಿದ್ದು. ಕಾರ್ಡಿನಿಂದ ಮತ್ತೆ ಮತ್ತೆ ಹೋಗ್ತಿದೆ. ಹೀಗೂ ಆಗುತ್ತಾ?

ಆಗುತ್ತದೆ. 2020ರಲ್ಲಿ ದೊಡ್ಡ ಪ್ರಮಾಣದಲ್ಲಿ ಆಯಿತು. ದೇಣಿಗೆ ಪುಟದಲ್ಲಿ 'ಇದನ್ನು ಮತ್ತೆ ಮತ್ತೆ ಕೊಡುತ್ತೇನೆ' ಎಂಬ ಚೌಕಕ್ಕೆ ಮೊದಲೇ ಟಿಕ್ ಹಾಕಿಟ್ಟಿದ್ದರು. ಬೇಡವಾದರೆ ನೀವೇ ತೆಗೆಯಬೇಕು. ಟ್ರಂಪ್ ಪ್ರಚಾರದ ಪುಟಗಳಲ್ಲಿ ಅದು ತಿಂಗಳಿಗೊಮ್ಮೆಯಿಂದ ವಾರಕ್ಕೊಮ್ಮೆಗೆ ಬಂತು. ಸುತ್ತ ದಪ್ಪಕ್ಷರದ ಬೇರೆ ಮಾತುಗಳು ತುಂಬಿದ್ದರಿಂದ ಷರತ್ತು ಕಣ್ಣಿಗೆ ಬೀಳುತ್ತಿರಲಿಲ್ಲ. ವಯಸ್ಸಾದ ಎಷ್ಟೋ ಜನ ಬ್ಯಾಂಕಿಗೆ ಫೋನ್ ಮಾಡಿ ದೂರು ಕೊಟ್ಟರು. ಆ ಚುನಾವಣೆಯಲ್ಲಿ ಟ್ರಂಪ್ ಕಡೆಯ ಸಮಿತಿಗಳು ವಾಪಸ್ ಕೊಟ್ಟ ಹಣ 12 ಕೋಟಿ ಡಾಲರ್ ದಾಟಿತು. ಡೆಮಾಕ್ರಟಿಕ್ ಕಡೆಯ ಕೆಲವು ಸಮಿತಿಗಳೂ ಇಂಥ ಟಿಕ್ ಬಳಸಿದ್ದವು. 2021ರ ಮೇ ತಿಂಗಳಲ್ಲಿ ಎಫ್‌ಇಸಿಯ ಎರಡೂ ಪಕ್ಷದ ಸದಸ್ಯರು ಒಮ್ಮತದಿಂದ ಇದನ್ನು ನಿಷೇಧಿಸಿ ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಶಿಫಾರಸು ಮಾಡಿದರು.

ನಿಮಗೆ ಹೀಗಾಗಿದ್ದರೆ ರಸೀದಿಯ ಇಮೇಲ್‌ನಲ್ಲಿರುವ ಕೊಂಡಿಯಿಂದ ಮೊದಲು ಮುಂದಿನ ಕಂತು ರದ್ದು ಮಾಡಿ. ಆಮೇಲೆ ಹಣ ವಾಪಸ್ ಕೇಳಿ. ಸಿಗದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೇಳಿ.

ಸಣ್ಣ ದೇಣಿಗೆ ಇಷ್ಟೊಂದು ಬರ್ತಿದ್ರೆ ದೊಡ್ಡ ಕುಳಗಳ ಹಿಡಿತ ಕಡಿಮೆ ಆಗಿರಬೇಕಲ್ಲ?

ಆಗಬೇಕಿತ್ತು, ಆಗಲಿಲ್ಲ. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 'ಸಿಟಿಜನ್ಸ್ ಯುನೈಟೆಡ್' ತೀರ್ಪು ಕೊಟ್ಟಿತು: ಕಂಪನಿಗಳು, ಸಂಘಗಳು ಚುನಾವಣೆಯಲ್ಲಿ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಅದೇ ವರ್ಷ ಸೂಪರ್ ಪ್ಯಾಕ್‌ಗಳು, ಅಂದರೆ ಅಭ್ಯರ್ಥಿಯಿಂದ ಬೇರೆಯಾಗಿ ಪ್ರಚಾರಕ್ಕೆ ಖರ್ಚು ಮಾಡುವ ಸಮಿತಿಗಳು, ಹುಟ್ಟಿದವು. ಇವಕ್ಕೆ ಒಬ್ಬರು ಎಷ್ಟು ಬೇಕಾದರೂ ಕೊಡಬಹುದು. ಅಂದರೆ ಸಣ್ಣವರ ಬಾಗಿಲನ್ನು ಇಂಟರ್ನೆಟ್ ತೆರೆದ ಹೊತ್ತಿಗೇ ದೊಡ್ಡವರ ಬಾಗಿಲನ್ನು ಕೋರ್ಟ್ ಅಗಲ ಮಾಡಿತು.

ಆದರೂ ಸಣ್ಣ ದೇಣಿಗೆ ಬೆಲೆಯಿಲ್ಲದ್ದಲ್ಲ. 2016ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಬರ್ನಿ ಸ್ಯಾಂಡರ್ಸ್ ಸರಾಸರಿ 27 ಡಾಲರ್‌ನ ದೇಣಿಗೆ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ತಮ್ಮದೇ ಸೂಪರ್ ಪ್ಯಾಕ್ ಇಟ್ಟುಕೊಳ್ಳದೆ ಪಕ್ಷದ ನಾಯಕತ್ವ ಮೆಚ್ಚಿದ ಅಭ್ಯರ್ಥಿಯ ಎದುರು ತಿಂಗಳುಗಟ್ಟಲೆ ನಿಂತರು. 2007ರಲ್ಲಿ ರಿಪಬ್ಲಿಕನ್ ಸ್ಪರ್ಧಿ ರಾನ್ ಪಾಲ್ ಬೆಂಬಲಿಗರು ನವೆಂಬರ್ 5 ಎಂಬ ಒಂದು ದಿನ ಗೊತ್ತುಮಾಡಿ, 24 ಗಂಟೆಗಳಲ್ಲಿ 40 ಲಕ್ಷ ಡಾಲರ್ ದಾಟಿಸಿದ್ದರು. ಇವರಿಬ್ಬರ ವಿಚಾರಗಳು ಉತ್ತರ ದಕ್ಷಿಣ. ಇಬ್ಬರಿಗೂ ಹಳೇ ವ್ಯವಸ್ಥೆಯಲ್ಲಿ ಇಷ್ಟು ದೂರ ಬರಲು ಆಗುತ್ತಿರಲಿಲ್ಲ.

ಜಾಸ್ತಿ ದುಡ್ಡು ಬಂದವರೇ ಗೆಲ್ತಾರಾ?

ಇಲ್ಲ. 2020ರಲ್ಲಿ ಕೆಂಟಕಿಯಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕರಾಗಿದ್ದ ಮಿಚ್ ಮೆಕಾನೆಲ್ ವಿರುದ್ಧ ನಿಂತ ಏಮಿ ಮೆಗ್ರಾತ್ ಅವರಿಗೆ ಸುಮಾರು 9 ಕೋಟಿ ಡಾಲರ್ ಬಂತು. ಸುಮಾರು 20 ಶೇಕಡಾ ಅಂತರದಲ್ಲಿ ಸೋತರು. ಅದೇ ವರ್ಷ ದಕ್ಷಿಣ ಕೆರೊಲಿನಾದಲ್ಲಿ ಜೇಮಿ ಹ್ಯಾರಿಸನ್ ಮೂರೇ ತಿಂಗಳಲ್ಲಿ 5.7 ಕೋಟಿ ಎತ್ತಿದರು. ಸೆನೆಟ್ ಅಭ್ಯರ್ಥಿಗಳಲ್ಲಿ ಅದು ಆಗಿನ ದಾಖಲೆ. ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಎದುರು ಅವರೂ ಸೋತರು. ಆ ಹಣದ ದೊಡ್ಡ ಪಾಲು ಬಂದಿದ್ದು ಅಲ್ಲಿ ಮತ ಹಾಕಲಾಗದ, ಹೊರ ರಾಜ್ಯದ ಜನರಿಂದ.

ಜನ ಗೆಲ್ಲುವ ಸಾಧ್ಯತೆ ನೋಡಿ ಕೊಡುತ್ತಿಲ್ಲ, ಎದುರಿನವರ ಮೇಲಿನ ಸಿಟ್ಟಿಗೆ ಕೊಡುತ್ತಿದ್ದಾರೆ. ಅದೇ ಹಣ ಸ್ವಲ್ಪದರಲ್ಲೇ ಕೈತಪ್ಪುವ ರಾಜ್ಯ ಶಾಸನಸಭೆಯ ಸ್ಥಾನಗಳಿಗೆ ಹೋಗಿದ್ದರೆ ಎಷ್ಟೋ ಕೆಲಸ ಆಗುತ್ತಿತ್ತು. ಕೊಡುವ ಮುನ್ನ ಎರಡು ನಿಮಿಷ ತೆಗೆದುಕೊಂಡು ಆ ಕ್ಷೇತ್ರದ ಹಿಂದಿನ ಫಲಿತಾಂಶ ನೋಡಿ.

## ಇನ್ನೂ ಆಳಕ್ಕೆ

ದೇಣಿಗೆ ಕೇಳುವ ಇಮೇಲ್‌ಗಳೆಲ್ಲ ಯಾಕೆ ಅಷ್ಟೊಂದು ಗಾಬರಿ ಹುಟ್ಟಿಸ್ತವೆ?

ಗಾಬರಿ ಹಣ ತರುತ್ತದೆ ಎಂದು ಅಳೆದು ನೋಡಿದ್ದಾರೆ. ಅಳೆಯುವ ಅಭ್ಯಾಸ ದೊಡ್ಡದಾಗಿದ್ದು ಒಬಾಮಾ ತಂಡದಿಂದ. 2007ರ ಕೊನೆಯಲ್ಲಿ ತಾಣದ ಮೊದಲ ಪುಟಕ್ಕೆ ಹಲವು ಚಿತ್ರ, ವಿಡಿಯೊ, ಗುಂಡಿಯ ಮೇಲಿನ ಬರಹಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಪರೀಕ್ಷೆ ಮಾಡಿದರು. ತಂಡಕ್ಕೆ ವಿಡಿಯೊ ಮೆಚ್ಚುಗೆಯಾಗಿತ್ತು. ಗೆದ್ದಿದ್ದು ಕುಟುಂಬದ ಫೋಟೊ ಮತ್ತು 'ಹೆಚ್ಚು ತಿಳಿಯಿರಿ' ಎಂಬ ಗುಂಡಿ. ಹಳೇ ಪುಟಕ್ಕಿಂತ ಸುಮಾರು 40 ಶೇಕಡಾ ಹೆಚ್ಚು ಜನ ಹೆಸರು ಕೊಟ್ಟರು.

2012ರ ಜೂನ್‌ನಲ್ಲಿ 'ಖರ್ಚಿನಲ್ಲಿ ನನ್ನನ್ನು ಮೀರಿಸುತ್ತಾರೆ' ಎಂಬ ಅರ್ಥದ ತಲೆಬರಹವಿದ್ದ ಒಂದೇ ಇಮೇಲ್ 26 ಲಕ್ಷ ಡಾಲರ್‌ಗೂ ಹೆಚ್ಚು ತಂದಿತು. ಪರೀಕ್ಷೆಯಲ್ಲಿ ಸೋತ ಬೇರೊಂದು ತಲೆಬರಹ ಹೋಗಿದ್ದರೆ ಅದರ ಆರನೇ ಒಂದು ಭಾಗ ಬರುತ್ತಿತ್ತು ಎಂಬುದು ಅವರ ಲೆಕ್ಕ. ಇದನ್ನು ಕಂಡ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಆದರೆ ಈ ಅಳತೆ ಇವತ್ತು ರಾತ್ರಿ ಎಷ್ಟು ಬಂತು ಎಂಬುದನ್ನಷ್ಟೇ ಹೇಳುತ್ತದೆ. ಬೇಸತ್ತು ಶಾಶ್ವತವಾಗಿ ದೂರ ಹೋದವರ ಲೆಕ್ಕ ಅದರಲ್ಲಿ ಕಾಣುವುದಿಲ್ಲ. ದೊಡ್ಡ ತೊಂದರೆ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ.

ಕೇಂಬ್ರಿಜ್ ಅನಲಿಟಿಕಾ ಟ್ರಂಪ್ ಅವರನ್ನ ಗೆಲ್ಲಿಸಿತು ಅಂತಾರೆ. ನಿಜಾನಾ?

ಕೇಂಬ್ರಿಜ್ ಅನಲಿಟಿಕಾ 2016ರಲ್ಲಿ ಟ್ರಂಪ್ ಪ್ರಚಾರಕ್ಕೆ ಕೆಲಸ ಮಾಡಿದ ಡೇಟಾ ಕಂಪನಿ. ಡೇಟಾ ಕಳವು ನಿಜ, ಮಾಂತ್ರಿಕ ಶಕ್ತಿಗೆ ಪುರಾವೆ ಇಲ್ಲ. ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಬಳಸಿದವರದ್ದಷ್ಟೇ ಅಲ್ಲ, ಅವರ ಫೇಸ್‌ಬುಕ್ ಸ್ನೇಹಿತರ ಮಾಹಿತಿಯೂ ಆ ಕಂಪನಿಯ ಕೈಗೆ ಹೋಯಿತು. 8.7 ಕೋಟಿ ಜನರವರೆಗೆ ತಟ್ಟಿರಬಹುದೆಂದು 2018ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡಿತು. ಖಾಸಗಿತನದ ಉಲ್ಲಂಘನೆಗಾಗಿ 2019ರಲ್ಲಿ ಅದಕ್ಕೆ 500 ಕೋಟಿ ಡಾಲರ್ ದಂಡ ಬಿತ್ತು.

ಆದರೆ ಟ್ರಂಪ್ ತಂಡದ ಡಿಜಿಟಲ್ ಮುಖ್ಯಸ್ಥ ಬ್ರ್ಯಾಡ್ ಪಾರ್ಸ್ಕೇಲ್ ಮುಖ್ಯವಾಗಿ ನೆಚ್ಚಿದ್ದು ಫೇಸ್‌ಬುಕ್‌ನ ಮಾಮೂಲಿ ಜಾಹೀರಾತು ವ್ಯವಸ್ಥೆಯನ್ನು. ಒಂದೇ ಜಾಹೀರಾತಿನ ಸಾವಿರಾರು ರೂಪಗಳನ್ನು ಬಿಟ್ಟು, ಯಾವುದು ಹಣ ತರುತ್ತದೋ ಅದಕ್ಕೆ ಹೆಚ್ಚು ಸುರಿಯುತ್ತಿದ್ದರು. ಕಳವಾದ ಡೇಟಾ ಇಲ್ಲದೆಯೂ ಇದು ನಡೆಯುತ್ತದೆ. ಹಾಗಾಗಿ ಒಂದು ಕಂಪನಿ ಮುಚ್ಚಿತು ಎಂದು ಸಮಾಧಾನಪಡುವಂತಿಲ್ಲ.

ಹಾಗಾದ್ರೆ ಆನ್‌ಲೈನ್ ಪ್ರಚಾರದಿಂದ ಮತ ಬದಲಾಗೋದೇ ಇಲ್ವಾ?

ಮನಸ್ಸು ಬದಲಾಯಿಸುವುದು ಬಹಳ ಕಷ್ಟ. ಕಲ್ಲಾ ಮತ್ತು ಬ್ರೂಕ್‌ಮನ್ ಎಂಬ ಸಂಶೋಧಕರು ನಿಜವಾದ ಮತದಾರರ ನಡುವೆ ನಡೆದ 49 ಪ್ರಯೋಗಗಳನ್ನು ಒಟ್ಟಿಗೆ ನೋಡಿ 2018ರಲ್ಲಿ ಬರೆದರು: ಸಾರ್ವತ್ರಿಕ ಚುನಾವಣೆಯಲ್ಲಿ ಪ್ರಚಾರದ ಸಂಪರ್ಕ ಮತ್ತು ಜಾಹೀರಾತಿನಿಂದ ಅಭ್ಯರ್ಥಿಯ ಆಯ್ಕೆ ಬದಲಾಗುವುದು ಸರಾಸರಿ ಸೊನ್ನೆಯ ಹತ್ತಿರ.

ಮತಗಟ್ಟೆಗೆ ಕರೆತರುವುದು ಬೇರೆ ಕೆಲಸ, ಅಲ್ಲಿ ಪರಿಣಾಮ ಇದೆ. 2010ರಲ್ಲಿ ಫೇಸ್‌ಬುಕ್ 6.1 ಕೋಟಿ ಜನರ ಮೇಲೆ ಪ್ರಯೋಗ ಮಾಡಿತು. ಮತ ಹಾಕಿದ ಸ್ನೇಹಿತರ ಮುಖ ಕಂಡವರಲ್ಲಿ ಮತದಾನ ಸ್ವಲ್ಪ ಏರಿತು. ಸ್ನೇಹಿತರ ಮುಖವಿಲ್ಲದ ಬರೀ ಸಂದೇಶದಿಂದ ಏರಲಿಲ್ಲ. ಪರಿಚಯದವರ ಮಾತಿಗೆ ತೂಕ ಜಾಸ್ತಿ, ಅಲ್ವಾ? ಮನೆ ಮನೆಗೆ ಹೋಗುವುದನ್ನು ಇಂಟರ್ನೆಟ್ ಬದಲಿಸಲು ಆಗದಿರುವುದೂ ಇದಕ್ಕೇ.

ಟಿವಿ ಜಾಹೀರಾತಿಗೆ ಇರೋ ನಿಯಮ ಆನ್‌ಲೈನ್‌ಗೆ ಯಾಕಿಲ್ಲ?

2006ರಲ್ಲಿ ಎಫ್‌ಇಸಿ ಇಂಟರ್ನೆಟ್‌ಗೆ ಬಹುಮಟ್ಟಿಗೆ ವಿನಾಯಿತಿ ಕೊಟ್ಟಿತು. ಬ್ಲಾಗ್ ಬರೆಯುವ ಸಾಮಾನ್ಯರಿಗೆ ತೊಂದರೆ ಆಗಬಾರದು ಎಂಬ ಕಾಳಜಿ ಅದರ ಹಿಂದೆ ಇತ್ತು, ಅದು ಸರಿಯಾದದ್ದೇ. 2016ರಲ್ಲಿ ರಷ್ಯಾದ ಒಂದು ಸಂಸ್ಥೆ ಅಮೆರಿಕನ್ನರ ವೇಷದಲ್ಲಿ ಜಾಹೀರಾತು ಹಾಕಿತು, ಕೆಲವಕ್ಕೆ ರೂಬಲ್‌ನಲ್ಲೇ ಹಣ ಕಟ್ಟಿತ್ತು. ಅದು ಬಯಲಾದಾಗ ವಿನಾಯಿತಿಯ ತೂತು ಎಷ್ಟು ದೊಡ್ಡದು ಎಂದು ಗೊತ್ತಾಯಿತು.

2018ರಲ್ಲಿ ಫೇಸ್‌ಬುಕ್, ಗೂಗಲ್ ರಾಜಕೀಯ ಜಾಹೀರಾತುಗಳ ಸಾರ್ವಜನಿಕ ಸಂಗ್ರಹ ತೆರೆದವು. ಟ್ವಿಟರ್ 2019ರಲ್ಲಿ ಅವನ್ನು ನಿಷೇಧಿಸಿ, ಮಾಲೀಕರು ಬದಲಾದ ಮೇಲೆ 2023ರಲ್ಲಿ ಮತ್ತೆ ಬಿಟ್ಟಿತು. ಕಂಪನಿಯ ಇಷ್ಟದ ಮೇಲೆ ನಿಂತ ನಿಯಮದ ಹಣೆಬರಹ ಇಷ್ಟೇ. ಹಣ ಕೊಟ್ಟವರು ಯಾರು ಎಂದು ಆನ್‌ಲೈನ್ ಜಾಹೀರಾತಿನಲ್ಲಿ ತೋರಿಸಬೇಕೆಂಬ ಎಫ್‌ಇಸಿಯ ಸ್ಪಷ್ಟ ನಿಯಮ ಜಾರಿಗೆ ಬಂದಿದ್ದು 2023ರ ಮಾರ್ಚ್‌ನಲ್ಲಿ. ಡೀನ್ ಅವರ ಬ್ಲಾಗ್ ಶುರುವಾಗಿ ಆಗಲೇ ಇಪ್ಪತ್ತು ವರ್ಷ ಆಗಿತ್ತು.

ಎಐ ಬಂದಮೇಲೆ ಯಾವ ಕರೆ ನಿಜ, ಯಾವುದು ಸುಳ್ಳು ಅಂತ ತಿಳಿಯೋದು ಹೇಗೆ?

ಕಿವಿಯಿಂದ ತಿಳಿಯುವುದು ಕಷ್ಟವಾಗಿದೆ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಮುಂಚೆ ಬೈಡನ್ ಧ್ವನಿಯಲ್ಲಿ ಸಾವಿರಾರು ಮನೆಗಳಿಗೆ ಕರೆ ಹೋಯಿತು. ಪ್ರೈಮರಿಯಲ್ಲಿ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಎಂದಿತ್ತು. ಧ್ವನಿ ಎಐ ಮಾಡಿದ್ದು. ಫೆಬ್ರವರಿಯಲ್ಲೇ ಫೋನ್, ಪ್ರಸಾರದ ನಿಯಮ ನೋಡಿಕೊಳ್ಳುವ ಫೆಡರಲ್ ಸಂಪರ್ಕ ಆಯೋಗ, ಜನರ ಒಪ್ಪಿಗೆ ಇಲ್ಲದ ರೋಬೊಕಾಲ್‌ನಲ್ಲಿ (ಯಂತ್ರ ಮಾಡುವ ಕರೆಯಲ್ಲಿ) ಎಐ ಧ್ವನಿ ಬಳಸುವುದು ಕಾನೂನುಬಾಹಿರ ಎಂದಿತು. ಆಮೇಲೆ ಆ ಕರೆಯ ಹಿಂದಿದ್ದ ಸಲಹೆಗಾರನಿಗೆ 60 ಲಕ್ಷ ಡಾಲರ್ ದಂಡ ಹಾಕಿತು.

ಹಣ ಕೇಳುವ ಕರೆ ಬಂದರೆ ಫೋನ್‌ನಲ್ಲೇ ಕಾರ್ಡ್ ನಂಬರ್ ಹೇಳಬೇಡಿ, ಮೆಸೇಜ್‌ನಲ್ಲಿ ಬಂದ ಕೊಂಡಿ ಒತ್ತಬೇಡಿ. ಅಭ್ಯರ್ಥಿಯ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಪುಟದ ಕೆಳಗೆ 'ಹಣ ಕೊಟ್ಟವರು' ಎಂಬ ಕಡೆ ಒಂದು ಸಮಿತಿಯ ಹೆಸರು ಇರುತ್ತದೆ. ಆ ಹೆಸರನ್ನು ಎಫ್‌ಇಸಿ ತಾಣದಲ್ಲಿ ಹುಡುಕಿ. ಅದು ಅಭ್ಯರ್ಥಿಯ ಅಧಿಕೃತ ಸಮಿತಿಯೋ, ಅದೇ ಥರದ ಹೆಸರಿಟ್ಟುಕೊಂಡ ಬೇರೆ ಗುಂಪೋ, ಬಂದ ಹಣವನ್ನು ಯಾವುದಕ್ಕೆ ಖರ್ಚು ಮಾಡಿದೆ, ಎಲ್ಲವೂ ಅಲ್ಲಿ ಸಿಗುತ್ತದೆ. ಬಹುಪಾಲು ಹಣ ಮತ್ತೆ ಹಣ ಎತ್ತುವುದಕ್ಕೇ ಹೋಗಿದ್ದರೆ ಆ ಸಮಿತಿಗೆ ಕೊಡಬೇಡಿ.